ಚಿಕ್ಕಪೇಟೆಯಲ್ಲಿ ಇಬ್ಬರು, ಎರಡು ಪಟ್ಟಿ

ಶನಿವಾರ ಬೆಳಿಗ್ಗೆ ಹತ್ತೂವರೆ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದ ಎಸ್ಕಲೇಟರ್ ನೆಲದೊಳಗಿಂದ ಜನರನ್ನು ಎತ್ತಿ ತಂದು ಬೀದಿಗೆ ಸುರಿಯುತ್ತಿದೆ. ಅವರಲ್ಲಿ ಮದುವೆ ಸಾಮಾನಿಗೆ ಬಂದವರನ್ನು ಗುರುತಿಸುವುದು ಕಷ್ಟವೇನಲ್ಲ. ಕೈಯಲ್ಲಿ ಮಡಚಿದ ಖಾಲಿ ಚೀಲಗಳು, ಮುಖದಲ್ಲಿ ಪರೀಕ್ಷೆಗೆ ಹೊರಟವರ ಗಾಬರಿ, ಹತ್ತು ಹೆಜ್ಜೆಗೊಮ್ಮೆ ರಿಂಗಾಗುವ ಫೋನು.

ಈ ಜೋಡಿಯ ಹತ್ತಿರ ಎರಡು ಪಟ್ಟಿಗಳಿವೆ. ಒಂದು ಹುಡುಗಿಯ ಫೋನಿನಲ್ಲಿರುವ ಎಕ್ಸೆಲ್ ಹಾಳೆ. ನಲವತ್ತೇಳು ಸಾಲು, ಮುಗಿದದ್ದಕ್ಕೆ ಹಸಿರು, ಮುಗಿಯದ್ದಕ್ಕೆ ಕೆಂಪು. ಇನ್ನೊಂದು ಹುಡುಗನ ಜೇಬಿನಲ್ಲಿದೆ. ಅವನ ಅಮ್ಮ ಹಳೆಯ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ಬರೆದುಕೊಟ್ಟದ್ದು. ನಾಲ್ಕು ಮೂಲೆಗೂ ಅರಿಶಿನ, ನೆತ್ತಿಯ ಮೇಲೆ ‘ಶ್ರೀ’. ಮೊದಲನೆಯದರಲ್ಲಿ ‘ಫೋಟೊಗ್ರಾಫರ್ ಅಡ್ವಾನ್ಸ್’, ‘ಮೆಹೆಂದಿ’ ಎಂದಿದೆ. ಎರಡನೆಯದರಲ್ಲಿ ‘ಜೀರಿಗೆ ಬೆಲ್ಲ’, ‘ಧಾರೆ ಚೆಂಬು’, ‘ಹಸೆಮಣೆ ಎರಡು, ಪಕ್ಕದ ಮನೇಲಿದೆ, ಕೇಳು’ ಎಂದಿದೆ. ಎರಡರಲ್ಲೂ ಇರುವ ಸಾಲು ಒಂದೇ ಒಂದು: ಸೀರೆ.

ಹೆಸರು ಬೇಕಿಲ್ಲ. ಮುಹೂರ್ತ ಗೊತ್ತಾದ ಮೇಲೆ ವಾರಕ್ಕೊಮ್ಮೆ ಪೇಟೆಗೆ ಇಳಿಯುವ ನೂರಾರು ಜೋಡಿಗಳನ್ನು ಒಟ್ಟಿಗೆ ಹಾಕಿ ಕಡೆದರೆ ಮೇಲೆ ತೇಲುವ ಒಂದು ಜೋಡಿ ಇದು ಎಂದುಕೊಳ್ಳಿ. ಹುಡುಗ ಚನ್ನರಾಯಪಟ್ಟಣದ ಕಡೆಯವನು, ಹುಡುಗಿ ಧಾರವಾಡದವಳು. ಇಬ್ಬರಿಗೂ ಬೆಂಗಳೂರಿನಲ್ಲೇ ಕೆಲಸ. ಮದುವೆ ಮಾಘದಲ್ಲಿ, ಈಗ ಕಾರ್ತಿಕ. ನಡುವೆ ಧನುರ್ಮಾಸ ಕೂತಿದೆ. ಆ ತಿಂಗಳಲ್ಲಿ ತಾಳಿಯ ಚಿನ್ನ ತರಕೂಡದು ಎಂಬಲ್ಲಿ ಮಾತ್ರ ಎರಡೂ ಮನೆಯ ಅಮ್ಮಂದಿರಿಗೆ ಒಮ್ಮತವಿದೆ. ಉಳಿದ ವಿಷಯಗಳಲ್ಲಿ ತುಂಗಭದ್ರೆಯ ಆ ದಡಕ್ಕೂ ಈ ದಡಕ್ಕೂ ಎಷ್ಟು ದೂರ ಎಂಬುದು ಈ ಎರಡು ತಿಂಗಳಲ್ಲಿ ಇಬ್ಬರಿಗೂ ಗೊತ್ತಾಗಲಿದೆ.

ಒಂದು ತಲೆಮಾರಿನ ಹಿಂದೆ ಈ ಓಡಾಟದಲ್ಲಿ ಇವರಿಬ್ಬರಿಗೂ ಜಾಗವಿರಲಿಲ್ಲ. ‘ಜವಳಿ ತೆಗೆಯೋದು’ ಎಂದರೆ ಅದೇ ಒಂದು ಸಣ್ಣ ದಿಬ್ಬಣ. ಎರಡೂ ಕಡೆಯ ಹಿರಿಯರು, ಸೋದರತ್ತೆ, ದೊಡ್ಡಪ್ಪ, ಬಟ್ಟೆಯ ಗುಣ ಬಲ್ಲ ಊರಿನ ಒಬ್ಬ ಯಜಮಾನ, ಎಲ್ಲರೂ ಬಸ್ಸು ಹತ್ತಿ ದಾವಣಗೆರೆಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಿದ್ದರು. ಮದುಮಗಳಿಗೆ ಸೀರೆ ಕಾಣಿಸುತ್ತಿದ್ದುದು ಮನೆಗೆ ಬಂದ ಗಂಟು ಬಿಚ್ಚಿದಾಗ. ಬಣ್ಣ ಹಿಡಿಸದಿದ್ದರೂ ‘ಚೆನ್ನಾಗಿದೆ’ ಎನ್ನಬೇಕಿತ್ತು. ಮದುಮಗನ ಕಥೆಯೂ ಬೇರೆಯಲ್ಲ. ಅವನ ಪಂಚೆಯ ಅಂಚನ್ನು ಆರಿಸುತ್ತಿದ್ದವನು ಅವನ ಸೋದರಮಾವ.

ಈಗ ಆ ಹಿರಿಯರೆಲ್ಲ ಫೋನಿನೊಳಗೆ ಹೋಗಿದ್ದಾರೆ. ಹೋಗಿ ಸುಮ್ಮನೇನೂ ಕೂತಿಲ್ಲ.

ಚಿಕ್ಕಪೇಟೆಗೆ ಬಂದವರು ಮೊದಲು ಅರಿಯಬೇಕಾದದ್ದು ಅದು ಒಂದು ಪೇಟೆಯಲ್ಲ ಎಂಬುದನ್ನು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿನ ನಡುವೆ ಎರಡು ಬೀದಿಗಳು ಒಂದನ್ನೊಂದು ಅಡ್ಡ ಹಾಯುತ್ತಿದ್ದವು. ಉತ್ತರ ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವ ಪಶ್ಚಿಮಕ್ಕೆ ಚಿಕ್ಕಪೇಟೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅದರ ಸುತ್ತ ಕಸುಬಿಗೊಂದರಂತೆ ಪೇಟೆಗಳು ಬೆಳೆದವು: ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ. ಹೆಸರು ನಂಬಿ ಹೋದರೆ ಇವತ್ತು ಮೋಸವೇ. ಕುಂಬಾರಪೇಟೆಯಲ್ಲಿ ಮಡಕೆ ಸಿಗುವುದಿಲ್ಲ, ನೆಂಟರಿಗೆ ಕೊಡುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಬಳೇಪೇಟೆಯಲ್ಲಿ ಬಳೆಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ವೀಣೆ, ಮೃದಂಗ, ಹಾರ್ಮೋನಿಯಂ. ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ. ಹೂವಿಗೆ ಕೆ.ಆರ್. ಮಾರುಕಟ್ಟೆ, ಅದು ಮೆಟ್ರೊದಲ್ಲಿ ಮುಂದಿನ ನಿಲ್ದಾಣ. ಆದರೆ ಚಿಕ್ಕಪೇಟೆಯಿಂದ ಅಲ್ಲಿಗೆ ಮೆಟ್ರೊದಲ್ಲಿ ಹೋಗುವವರು ಕಡಿಮೆ. ನಡುವೆ ಕಾಣುವ ಅಂಗಡಿಗಳನ್ನು ಬಿಟ್ಟು ನೆಲದಡಿ ಹೋಗಲು ಮನಸ್ಸು ಬರುವುದಿಲ್ಲ.

ಸೀರೆ ಅಂಗಡಿಯ ಮೆಟ್ಟಿಲು ಕಿರಿದು, ಕಡಿದು. ಮೇಲೆ ಹೋದರೆ ಬಿಳಿ ಹಾಸಿನ ಗಾದಿ. ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂತ ಕೂಡಲೇ ಮಾರುವವನ ಮೊದಲ ಮಾತು: ‘ತಗೊಳ್ಳೋದು ಆಮೇಲೆ ಅಕ್ಕ, ನೋಡೋಕೆ ದುಡ್ಡಿಲ್ಲ.’ ಈ ಒಂದು ವಾಕ್ಯಕ್ಕೆ ಅರ್ಧ ಚಿಕ್ಕಪೇಟೆಯ ವ್ಯಾಪಾರ ನಡೆಯುತ್ತದೆ. ಎರಡನೆಯ ಪ್ರಶ್ನೆ ಬಜೆಟ್‌ನದು. ಹುಡುಗಿ ಒಂದು ಮೊತ್ತ ಹೇಳುತ್ತಾಳೆ. ಅವನು ತಲೆ ಆಡಿಸಿ, ಅದರ ಒಂದೂವರೆಪಟ್ಟಿನ ಸೀರೆಯನ್ನೇ ಮೊದಲು ಬಿಚ್ಚುತ್ತಾನೆ. ಮಡಿಕೆ ಹಿಡಿದು ಒಮ್ಮೆ ಬೀಸಿದರೆ ಆರು ಗಜ ಗಾದಿಯ ಮೇಲೆ ಹರಡಿಕೊಳ್ಳುತ್ತದೆ. ಸೆರಗು ಸರಿಯಾಗಿ ಅವಳ ಮಂಡಿಯ ಹತ್ತಿರ ಬಂದು ನಿಲ್ಲುತ್ತದೆ. ಆ ಬೀಸು ಕಲಿಯಲು ಎಷ್ಟು ವರ್ಷ ಬೇಕಾಯಿತೋ ಅವನನ್ನೇ ಕೇಳಬೇಕು. ಇಪ್ಪತ್ತು ಸೀರೆ ಬಿಚ್ಚುವಷ್ಟರಲ್ಲಿ ಹುಡುಗನನ್ನು ಯಾರೋ ಕೇಳುತ್ತಾರೆ: ‘ಸಾರ್, ನೀವು ಹೇಳಿ, ಇದಾ, ಅದಾ?’ ಅವನು ‘ಎರಡೂ ಚೆನ್ನಾಗಿದೆ’ ಎನ್ನುತ್ತಾನೆ. ಮದುವೆಗೆ ಮುಂಚೆ ಗಂಡು ಹೇಳಬಹುದಾದ ಅತಿ ಕೆಟ್ಟ ಉತ್ತರ ಇದು ಎಂದು ಅವನಿಗೆ ತಿಳಿಯುವುದು ಅವಳು ಉತ್ತರ ಕೊಡದೆ ಮುಂದಿನ ಸೀರೆಗೆ ಕೈ ಚಾಚಿದಾಗ.

ಅಷ್ಟರಲ್ಲಿ ವಿಡಿಯೊ ಕಾಲ್. ಒಂದು ಚೌಕದಲ್ಲಿ ಧಾರವಾಡ, ಇನ್ನೊಂದರಲ್ಲಿ ಚನ್ನರಾಯಪಟ್ಟಣ. ಅಂಗಡಿಯ ಟ್ಯೂಬ್‌ಲೈಟಿನಡಿ ಎಲೆ ಹಸಿರು ಧಾರವಾಡಕ್ಕೆ ನೀಲಿಯಾಗಿ ಕಾಣುತ್ತದೆ, ಚನ್ನರಾಯಪಟ್ಟಣಕ್ಕೆ ಬೂದಿಯಾಗಿ. ಹುಡುಗಿ ಸೀರೆ ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಯ ಬಿಸಿಲಿಗೆ ಬರುತ್ತಾಳೆ. ಹಿಂದೆಯೇ ಅಂಗಡಿಯ ಹುಡುಗನೊಬ್ಬ ಓಡಿ ಬರುತ್ತಾನೆ. ಸೀರೆಯ ಇನ್ನೊಂದು ತುದಿ ನೆಲಕ್ಕೆ ತಾಗದಂತೆ ಹಿಡಿಯಲು ಎಂಬುದು ಅವನ ವಿವರಣೆ.

ಧಾರವಾಡದ ಅಮ್ಮನಿಗೆ ಇಳಕಲ್ ಬೇಕು. ಅದೂ ಒಂದಲ್ಲ. ಇಳಕಲ್ ಸೀರೆಯ ಮೈಯೂ ಸೆರಗೂ ಬೇರೆ ಬೇರೆ ಹಾಸಿನವು. ಹತ್ತಿಯದೋ ರೇಷ್ಮೆಯದೋ ಆದ ಮೈಯ ಎಳೆಗೆ ರೇಷ್ಮೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿಯ ಸಾಲನ್ನು ಬೆರಳಲ್ಲಿ ಸವರಿ ನೋಡದೆ ಅವರು ಸೀರೆ ಒಪ್ಪುವವರಲ್ಲ. ಫೋನಿನಲ್ಲಿ ಸವರುವುದು ಹೇಗೆ ಎಂಬುದೇ ಸಮಸ್ಯೆ. ಜೊತೆಗೆ ಅವರ ಮನೆಯಲ್ಲಿ ಈಗಾಗಲೇ ಒಂದು ಸೀರೆ ತಯಾರಿದೆ. ಕಪ್ಪು ಚಂದ್ರಕಾಳಿ, ಮೈತುಂಬ ಕಸೂತಿ; ಗೋಪುರ, ಆನೆ, ತುಳಸಿ ಕಟ್ಟೆ. ಗಂಟು ಹಾಕದೆ, ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಕೆಲಸ. ಧಾರವಾಡ ಸೀಮೆಯಲ್ಲಿ ಮದುಮಗಳ ಪೆಟ್ಟಿಗೆಗೆ ಇದು ಹಳೆಯ ಶೋಭೆ. ಚನ್ನರಾಯಪಟ್ಟಣದ ಚೌಕದಿಂದ ಸಣ್ಣ ದನಿ ಬರುತ್ತದೆ: ‘ಮದುವೆ ಮನೇಗೆ ಕಪ್ಪಾ ಕಣವ್ವ?’ ಧಾರವಾಡದ ಚೌಕ ಒಂದು ಕ್ಷಣ ಸುಮ್ಮನಾಗಿ, ‘ನಮ್ಮ ಕಡೆ ಇದ ಪದ್ಧತಿರಿ’ ಎನ್ನುತ್ತದೆ. ಹುಡುಗ, ಹುಡುಗಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ‘ಆರತಕ್ಷತೆ ಆದಮೇಲೆ ಉಡ್ತೀನಿ’ ಎಂದು ಅವಳೇ ಮಧ್ಯದ ದಾರಿ ಹಿಡಿಯುತ್ತಾಳೆ. ಬೀಗತಿಯರ ಮೊದಲ ಒಪ್ಪಂದ ಹೀಗೆ ಚಿಕ್ಕಪೇಟೆಯ ಫುಟ್‌ಪಾತಿನ ಮೇಲೆ ಆಗುತ್ತದೆ.

ಧಾರೆಗೆ ಮೈಸೂರು ರೇಷ್ಮೆ ಎಂಬುದು ಹುಡುಗನ ಮನೆಯ ಆಸೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಿ ಶುರುವಾದ ಕಾರ್ಖಾನೆ ಅದು. ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಅಲ್ಲಿನ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಪ್ರತಿ ಸೀರೆಗೂ ಅದರದೇ ಸಂಖ್ಯೆ ನೇಯ್ದು ಬರುತ್ತದೆ. ಬೇಡಿಕೆಗೆ ತಕ್ಕಷ್ಟು ಸೀರೆ ಬರುವುದಿಲ್ಲವಾಗಿ, ಹಬ್ಬ ಮದುವೆಗಳ ಕಾಲದಲ್ಲಿ ಮಳಿಗೆಯ ಬಾಗಿಲು ತೆಗೆಯುವ ಮೊದಲೇ ಹೊರಗೆ ಸರದಿ ನಿಂತಿರುತ್ತದೆ. ಈ ಜೋಡಿಯೂ ಒಂದು ಬೆಳಿಗ್ಗೆ ಥರ್ಮಾಸ್‌ನಲ್ಲಿ ಕಾಫಿ ಹಿಡಿದು ನಿಂತಿತ್ತು. ಸಿಕ್ಕಿದ್ದು ಅವರು ಅಂದುಕೊಂಡ ಬಣ್ಣವಲ್ಲ. ಆದರೆ ಮೂರು ಗಂಟೆ ಪಕ್ಕಪಕ್ಕ ನಿಂತು ಮಾತಾಡಿದ್ದು, ನಿಶ್ಚಿತಾರ್ಥದಿಂದ ಈಚೆಗೆ ಅವರಿಗೆ ಸಿಕ್ಕ ಅತಿ ದೀರ್ಘ ಬಿಡುವು.

ಖಾಸಗಿ ಅಂಗಡಿಯಲ್ಲಿ ಕೊಳ್ಳುವವರಿಗೆ ಒಂದು ಮಾತು. ‘ಪ್ಯೂರ್ ಸಿಲ್ಕ್’ ಎಂದು ಬಾಯಲ್ಲಿ ಹೇಳಿದ್ದು ಬಾಯಲ್ಲೇ ಉಳಿಯುತ್ತದೆ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ‘ಸಿಲ್ಕ್ ಮಾರ್ಕ್’ ತಂದದ್ದು ಇದಕ್ಕಾಗಿಯೇ. ಸೀರೆಗೆ ಕಟ್ಟಿದ ಆ ಚೀಟಿ ಇದೆಯೇ ನೋಡಿ. ಇಲ್ಲದಿದ್ದರೆ ಬಿಲ್ಲಿನಲ್ಲಾದರೂ ‘ಶುದ್ಧ ರೇಷ್ಮೆ’ ಎಂದು ಬರೆಸಿಕೊಳ್ಳಿ. ಬರೆಯಲು ಅಂಗಡಿಯವನು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಂತೆಯೇ.

ಸೀರೆ ಸಿಕ್ಕಿತೆಂದು ಆ ಸಾಲಿಗೆ ಹಸಿರು ಬಳಿಯುವಂತಿಲ್ಲ. ಅದರ ಹೊಟ್ಟೆಯಿಂದ ಇನ್ನೂ ನಾಲ್ಕು ಸಾಲು ಹುಟ್ಟುತ್ತವೆ: ಫಾಲ್, ಜಿಗ್‌ಜಾಗ್, ಕುಚ್ಚು, ರವಿಕೆ. ಆರಿ ಕೆಲಸದ ರವಿಕೆಗೆ ಲಗ್ನದ ಕಾಲದಲ್ಲಿ ದರ್ಜಿಗಳು ತಿಂಗಳು ಕೇಳುತ್ತಾರೆ. ಮದುವೆಯ ಹಿಂದಿನ ಸಂಜೆ ದರ್ಜಿಯ ಅಂಗಡಿಯ ಮುಂದೆ ಕೂತ ಮದುಮಗಳ ತಂಗಿಯನ್ನು ನೋಡದವರು ಯಾರಿದ್ದಾರೆ?

ಚಿನ್ನದ ಅಂಗಡಿಯಲ್ಲಿ ಗಾದಿಯಿಲ್ಲ, ಕುರ್ಚಿ. ಅಲ್ಲಿ ದನಿಗಳೂ ತಗ್ಗುತ್ತವೆ. ಹುಡುಗಿ ಇಲ್ಲಿಗೆ ಓದಿಕೊಂಡೇ ಬಂದಿದ್ದಾಳೆ. 2021ರ ಜೂನ್ 16ರಿಂದ ದೇಶದಲ್ಲಿ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಒಡವೆಯ ಮೇಲೆ ಅಕ್ಷರ ಅಂಕಿ ಸೇರಿದ ಆರು ಸ್ಥಾನಗಳ ಗುರುತು ಸಂಖ್ಯೆಯೂ ಇರಲೇಬೇಕು. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾವ ಅಂಗಡಿಯ ಒಡವೆ, ಎಲ್ಲಿ ಪರೀಕ್ಷೆಯಾಯಿತು, ಎಷ್ಟು ಶುದ್ಧ ಎಂಬುದು ಗೊತ್ತಾಗುತ್ತದೆ. ಅವಳು ಬಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಒಳಮೈಯ ಸಾಸಿವೆಯಷ್ಟು ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದುತ್ತಾಳೆ, ಅವನು ಫೋನಿಗೆ ಒತ್ತುತ್ತಾನೆ. ಅಂಗಡಿಯವರು ಭೂತಗನ್ನಡಿ ತಂದುಕೊಡುತ್ತಾರೆ. ಈಗ ಯಾರೂ ಇದನ್ನು ಅವಮಾನ ಎಂದುಕೊಳ್ಳುವುದಿಲ್ಲ.

ತಮಾಷೆಯೆಂದರೆ, ಇಷ್ಟೆಲ್ಲದಕ್ಕೆ ಮೂಲವಾದ ತಾಳಿಯ ಬೊಟ್ಟಿಗೆ ಈ ಮುದ್ರೆ ಇರಲೇಬೇಕೆಂದಿಲ್ಲ. 2 ಗ್ರಾಂಗಿಂತ ಹಗುರವಾದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಬಹಳ ಮನೆಗಳ ತಾಳಿ, ಗುಂಡು, ಮೂಗುತಿ ಆ ತೂಕದೊಳಗೇ ಬರುತ್ತವೆ. ಅಲ್ಲಿ ಉಳಿಯುವುದು ಅಕ್ಕಸಾಲಿಗನ ಮೇಲಿನ ಹಳೆಯ ನಂಬಿಕೆ ಮತ್ತು ಬಿಲ್ಲು. ಇನ್ನು ತಾಳಿ ಹೇಗಿರಬೇಕು ಎಂಬುದು ಬೇರೆಯೇ ಅಧ್ಯಾಯ. ಅವನ ಮನೆಯಲ್ಲಿ ಅರಿಶಿನ ದಾರದಲ್ಲಿ ಕಟ್ಟಿ, ಆಮೇಲೆ ಚಿನ್ನದ ಸರಕ್ಕೆ ಏರಿಸುವುದು ರೂಢಿ. ಅವಳ ಮನೆಯಲ್ಲಿ ಕರಿಮಣಿ ಮುಖ್ಯ, ಬೊಟ್ಟು ಎರಡು, ಒಂದು ತವರಿನದು, ಒಂದು ಅತ್ತೆಮನೆಯದು. ಅಂಗಡಿಯವನಿಗೆ ಇದೇನೂ ಹೊಸದಲ್ಲ. ಡ್ರಾಯರ್ ಎಳೆದು ಇಪ್ಪತ್ತು ಬಗೆಯ ತಾಳಿಗಳನ್ನು ಕೆಂಪು ಮಖಮಲ್ಲಿನ ಮೇಲೆ ಸುರಿಯುತ್ತಾನೆ. ಯಾವುದು ಯಾವ ಸೀಮೆಯದು, ಯಾವ ಸಮುದಾಯದ್ದು ಎಂದು ಕಣ್ಣಲ್ಲೇ ಹೇಳಬಲ್ಲ. ಕರ್ನಾಟಕದ ಜಾತಿ ಪ್ರಾಂತ್ಯಗಳ ನಕ್ಷೆ ಬೇಕಾದವರು ಚಿನ್ನದಂಗಡಿಯ ಈ ಡ್ರಾಯರನ್ನು ನೋಡಬೇಕು.

ದುಡ್ಡು ಕೊಡುವಾಗ ಇನ್ನೊಂದು ನಿಯಮ ಅಡ್ಡ ಬರುತ್ತದೆ. 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಮೊತ್ತವನ್ನು ಅಂಗಡಿಯವರು ನಗದಾಗಿ ಪಡೆಯುವಂತಿಲ್ಲ. ಹುಡುಗನ ಅಪ್ಪ ಕೊಬ್ಬರಿ ಮಾರಿ ಕೂಡಿಟ್ಟ ನೋಟಿನ ಕಟ್ಟುಗಳನ್ನು ಹಾಗೆಯೇ ಊರಿಗೆ ಕಳಿಸಿ, ಬ್ಯಾಂಕಿಗೆ ಕಟ್ಟಿಸಿ, ಮತ್ತೆ ಕಾರ್ಡಿನಲ್ಲಿ ಎಳೆಯಬೇಕಾಯಿತು.

ಹಸಿವು. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ. ಸಿಮೆಂಟಿನ ಧೂಳು, ಆಟೊ ಹಾರ್ನು, ತಳ್ಳುಗಾಡಿಯ ‘ಸೈಡ್ ಸೈಡ್’ ಎಲ್ಲ ಹೊರಗುಳಿದು, ಬೆಳಗ್ಗಿನಿಂದ ಮೊದಲ ಬಾರಿಗೆ ಇಬ್ಬರೂ ಎದುರೆದುರು ಕೂರುತ್ತಾರೆ. ಮಾತು ದುಡ್ಡಿನದು. ಯಾವ ಖರ್ಚು ಯಾರದು ಎಂಬ ಸಾಲನ್ನು ಅವಳು ಪಟ್ಟಿಗೆ ಸೇರಿಸಿದ್ದಾಳೆ. ಛತ್ರ, ಊಟ ಇಬ್ಬರದೂ ಅರ್ಧರ್ಧ. ಹೆಣ್ಣಿನ ಕಡೆಯವರೇ ಮದುವೆ ಮಾಡಿಕೊಡಬೇಕು ಎನ್ನುವ ಮಾತು ಅವನ ದೊಡ್ಡಪ್ಪನಿಂದ ಒಮ್ಮೆ ಬಂದಿತ್ತು. ಅವನು ಅಲ್ಲೇ ತಡೆದ. ಈ ದೋಸೆಯ ಮೇಜಿನ ಲೆಕ್ಕ, ಸೀರೆಯ ಬಣ್ಣಕ್ಕಿಂತ ದೊಡ್ಡ ಸಂಗತಿ. ಜವಳಿ ದಿಬ್ಬಣದ ಕಾಲದಲ್ಲಿ ಮದುಮಗಳಿಗೆ ತನ್ನ ಮದುವೆಗೆ ಅಪ್ಪ ಎಷ್ಟು ಸಾಲ ಮಾಡಿದ ಎಂಬುದು ಗೊತ್ತಾಗುತ್ತಿದ್ದುದು ಎಷ್ಟೋ ವರ್ಷಗಳ ಮೇಲೆ, ಕೆಲವೊಮ್ಮೆ ಜಗಳದ ನಡುವೆ. ಈಗ ಪಟ್ಟಿ ಅವಳ ಕೈಯಲ್ಲಿದೆ. ಹಿರಿಯರ ದಿಬ್ಬಣ ಕರಗಿದ್ದಕ್ಕೆ ಮರುಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪಟ್ಟಿಯ ಮಾತು ಬಂದಾಗ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಅದರಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ಮದುವೆಯಲ್ಲಿ ಬಂದ ಉಡುಗೊರೆಗಳ ಲಿಖಿತ ಪಟ್ಟಿ ಇಡಬೇಕು. ಹೆಣ್ಣಿಗೆ ಬಂದದ್ದನ್ನು ಹೆಣ್ಣು, ಗಂಡಿಗೆ ಬಂದದ್ದನ್ನು ಗಂಡು ಬರೆದಿಡಬೇಕು. ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರಿಗೇನು ಸಂಬಂಧ ಎಂಬ ವಿವರವಿದ್ದು, ಇಬ್ಬರೂ ಸಹಿ ಹಾಕಬೇಕು. ಹಳೆ ಮೈಸೂರಿನ ಮದುವೆಮನೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಮುಯ್ಯಿ ಬರೆಯುವವರ ಪುಸ್ತಕವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ‘ದೊಡ್ಡಮನೆ ಜವರಪ್ಪ, 51’ ಎಂಬಂಥ ಸಾಲುಗಳು. ಆ ಪುಸ್ತಕವನ್ನು ತಲೆಮಾರುಗಟ್ಟಲೆ ಜೋಪಾನ ಮಾಡುವ ಮನೆಗಳು, ಕಾನೂನು ಕೇಳುವ ಈ ಪಟ್ಟಿಯನ್ನು ಮಾತ್ರ ಬರೆಯುವುದಿಲ್ಲ.

ಸುಲ್ತಾನ್‌ಪೇಟೆಯ ಕಾರ್ಡಿನಂಗಡಿಯಲ್ಲಿ ಕಾಗದ ಆರಿಸಲು ಹತ್ತು ನಿಮಿಷ ಸಾಕಾಯಿತು. ಒಳಗಿನ ಮಾತು ಒಪ್ಪಿಸಲು ಹದಿನೈದು ದಿನ. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಯಾರ ಹೆಸರು ಮೊದಲು? ದೊಡ್ಡಪ್ಪ ತೀರಿಕೊಂಡಿದ್ದರೆ ದೊಡ್ಡಮ್ಮನ ಹೆಸರು ಎಲ್ಲಿ? ಮಾತು ಬಿಟ್ಟಿರುವ ಚಿಕ್ಕಪ್ಪನ ಹೆಸರು ಹಾಕಿದರೆ ಇವರಿಗೆ ಸಿಟ್ಟು, ಬಿಟ್ಟರೆ ಅವರಿಗೆ. ಡಿಟಿಪಿ ಮಾಡುವಾತನ ಕಂಪ್ಯೂಟರಿನಲ್ಲಿ ಯುನಿಕೋಡ್ ಅಕ್ಷರ ‘ನುಡಿ’ ಫಾಂಟಿಗೆ ಇಳಿಯುವಾಗ ಒತ್ತಕ್ಷರಗಳು ದಾರಿ ತಪ್ಪುವುದು ಬೇರೆ. ಮೊದಲ ಕರಡಿನಲ್ಲಿ ‘ಮುಹೂರ್ತ’ದ ಅರ್ಕಾವತ್ತು ಹಾರಿ ಪಕ್ಕದ ಸಾಲಿಗೆ ಹೋಗಿ ಕೂತಿತ್ತು. ಕರಡು ತಿದ್ದುವುದನ್ನು ಫೋನಿನಲ್ಲಿ ಮಾಡಬೇಡಿ, ಕಾಗದದ ಮೇಲೆ ಮಾಡಿ, ಜೋರಾಗಿ ಓದಿ, ವಾರವೂ ತಾರೀಖೂ ಹೊಂದುತ್ತವೆಯೇ ಎಂದು ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ಛತ್ರದ ದಾರಿಗೆ ಒಂದು ಕ್ಯೂಆರ್ ಕೋಡ್ ಈಗ ಎಲ್ಲ ಕಾರ್ಡಿನ ಮೂಲೆಯಲ್ಲೂ ಬರುತ್ತದೆ, ಮೊದಲು ಹಸ್ತಮುದ್ರೆ, ಗಣಪತಿ ಇರುತ್ತಿದ್ದ ಕಡೆ.

ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತಿದ ಕಾರ್ಡು ಬೇಕೆಂದು ಕೇಳುವವರು ಈಗಲೂ ಇದ್ದಾರೆ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳಲ್ಲಿ ಸಿಹಿತಿಂಡಿ ಪೆಟ್ಟಿಗೆ, ಸಿಗರೇಟು ಪ್ಯಾಕುಗಳ ಜೊತೆಗೆ ಆಮಂತ್ರಣ ಪತ್ರಕ್ಕೆ ಸುತ್ತುವ ಹಾಳೆಯೂ ಸೇರಿದೆ. ತಾಂಬೂಲದ ಚೀಲದ್ದೂ ಇದೇ ಕಥೆ. ಕೈಗೆ ಬಟ್ಟೆಯಂತೆ ಸಿಗುವ ಆ ‘ನಾನ್ ವೋವನ್’ ಚೀಲ ಬಟ್ಟೆಯೇ ಅಲ್ಲ, ಪ್ಲಾಸ್ಟಿಕ್ಕಿನ ನೂಲು. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದದ್ದನ್ನು ಮಾರುವಂತಿಲ್ಲ. ಹುಡುಗಿ ಅಂಗಡಿಯಲ್ಲಿ ಚೀಲವನ್ನು ಬೆಳಕಿಗೆ ಹಿಡಿದಳು. ಆಚೆ ಬದಿಯ ಟ್ಯೂಬ್‌ಲೈಟಿನ ಮೇಲೆ ಬರೆದ ಕಂಪನಿಯ ಹೆಸರು ಓದಲು ಬರುವಷ್ಟು ತೆಳು. ಕೊನೆಗೆ ಕೋರಾ ಬಟ್ಟೆಯದೇ ಹೊಲಿಸಿದರು. ಬೆಲೆ ಹೆಚ್ಚಾಯಿತು, ತೆಂಗಿನಕಾಯಿ ಹಾಕಿದರೆ ಹಿಡಿ ಕಿತ್ತುಬರುವ ಭಯ ತಪ್ಪಿತು.

ಊಟದ ಸಾಲು ಎಕ್ಸೆಲ್‌ನಲ್ಲಿ ಇನ್ನೂ ಕೆಂಪಾಗಿಯೇ ಇದೆ. ಎಷ್ಟು ಎಲೆ? ಅಡುಗೆ ಭಟ್ಟರ ಒಂದೇ ಪ್ರಶ್ನೆ ಅದು, ಎರಡು ಮನೆಗಳೂ ಉತ್ತರಿಸಲಾರದ್ದೂ ಅದೇ. ಐನೂರು ಎಂದ ಹುಡುಗಿಯ ಅಪ್ಪ, ಎಂಟುನೂರು ಎಂದ ಹುಡುಗನ ಅಪ್ಪ. ಕಡಿಮೆ ಬಿದ್ದರೆ ಮರ್ಯಾದೆ ಹೋಗುತ್ತದೆ, ಹೆಚ್ಚಾದರೆ ಅನ್ನ ಹೋಗುತ್ತದೆ. ನಮ್ಮಲ್ಲಿ ಮರ್ಯಾದೆಯೇ ಯಾವತ್ತೂ ಗೆಲ್ಲುವುದು. 2012ರ ಸುಮಾರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಧ್ಯಾಪಕರು ನಗರದ ಕಲ್ಯಾಣ ಮಂಟಪಗಳ ಊಟದ ಮೇಲೆ ಒಂದು ಅಧ್ಯಯನ ಮಾಡಿದ್ದರು. ಆಗ ನಗರದಲ್ಲಿದ್ದ 531 ಮಂಟಪಗಳ ಲೆಕ್ಕದಲ್ಲಿ ವರ್ಷಕ್ಕೆ 943 ಟನ್ ಆಹಾರ ಎಲೆಯಲ್ಲೇ ಉಳಿದು ಹಾಳಾಗುತ್ತದೆ ಎಂಬುದು ಅವರ ಅಂದಾಜು. ಅದಾದ ಮೇಲೆ ಮದುವೆಯೂಟದಲ್ಲಿ ಚಾಟ್ ಕೌಂಟರ್, ಪಾಸ್ತಾ ಕೌಂಟರ್, ಚಾಕೊಲೆಟ್ ಕಾರಂಜಿ ಎಲ್ಲ ಬಂದಿವೆ.

ಇಷ್ಟೆಲ್ಲ ಯಾಕೆ ಎಂದು ಕೇಳಿದವರು ಕನ್ನಡದಲ್ಲಿ ಇಲ್ಲದೆ ಇಲ್ಲ. ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು 1966ರಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಇಂದಿಗೂ ಕುವೆಂಪು ಅವರ ‘ಮಂತ್ರಮಾಂಗಲ್ಯ’ ಪುಸ್ತಿಕೆ ಹಿಡಿದು ಮದುವೆಯಾಗುವವರು ನಾಡಿನ ಎಲ್ಲ ಕಡೆ ಸಿಗುತ್ತಾರೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಮುಜರಾಯಿ ಇಲಾಖೆ ದೇವಸ್ಥಾನಗಳಲ್ಲಿ ನಡೆಸಲು ತಂದ ‘ಸಪ್ತಪದಿ’ ಸಾಮೂಹಿಕ ವಿವಾಹ ಯೋಜನೆಯಲ್ಲಿ ವಧುವಿಗೆ 8 ಗ್ರಾಂ ಚಿನ್ನದ ತಾಳಿ ಸೇರಿ ಜೋಡಿಗೆ 55 ಸಾವಿರ ರೂಪಾಯಿಯ ನೆರವೆಂದು 2020ರಲ್ಲಿ ಲೆಕ್ಕ ಹಾಕಲಾಗಿತ್ತು. ನಮ್ಮ ಜೋಡಿಗೂ ಮಂತ್ರಮಾಂಗಲ್ಯದ ಆಸೆ ಇತ್ತು. ಹುಡುಗ ಒಂದು ಸಂಜೆ ಅಮ್ಮನ ಮುಂದೆ ಪ್ರಸ್ತಾಪಿಸಿದ. ಅವರು ಬಹಳ ಹೊತ್ತು ಮಾತಾಡಲಿಲ್ಲ. ‘ನಾನು ಇಷ್ಟು ವರ್ಷ ಎಲ್ಲರ ಮನೇಲೂ ಉಂಡು ಬಂದಿದೀನಿ ಕಣೋ’ ಎಂದಷ್ಟೇ ಹೇಳಿದರು. ಅಲ್ಲಿಗೆ ಆ ಮಾತು ನಿಂತಿತು. ಸಾಲದ ಹೊರೆಯನ್ನು ಬೈಯುವುದು ಸುಲಭ. ಈ ವಾಕ್ಯಕ್ಕೆ ಉತ್ತರ ಕೊಡುವುದು ಸುಲಭವಲ್ಲ.

ಹೂವಿಗೆ ಮಾತ್ರ ಈಗಲೇ ದುಡ್ಡು ಕೊಡುವುದಿಲ್ಲ, ಮಾತು ಕೊಟ್ಟು ಬರುವುದು. ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರ ನೋಡಬೇಕಾದರೆ ಊರು ಏಳುವ ಮೊದಲೇ ಹೋಗಬೇಕು. ಇವರೂ ಒಂದು ಭಾನುವಾರ ನಸುಕಿನಲ್ಲಿ ಹೋದರು. ಸೇವಂತಿಗೆಯ ಗುಡ್ಡೆ, ಸುಗಂಧರಾಜದ ಹಾರ, ತೇವದ ಗೋಣಿಯಡಿ ಮಲ್ಲಿಗೆ. ಮಾಘದ ಚಳಿಗೆ ಮಲ್ಲಿಗೆಯ ಇಳುವರಿ ಬೀಳುತ್ತದೆ, ಲಗ್ನಗಳು ಏರುತ್ತವೆ, ಬೆಲೆ ಯಾವ ಮಟ್ಟಕ್ಕೆ ಹೋಗುತ್ತದೋ ಹೇಳಲಾಗದು. ‘ಆವತ್ತಿನ ರೇಟು ಆವತ್ತೇ ಅಕ್ಕ’ ಎಂದಳು ಹೂವಿನಾಕೆ, ಮಾರು ಅಳೆಯುತ್ತಲೇ. ಕೈ ಎರಡೂ ಚಾಚಿ ಅಳೆಯುವ ಆ ಮಾರಿನಲ್ಲಿ ಗಿಡ್ಡ ಕೈಯವರ ಮಾರು ಗಿಡ್ಡ ಎಂದು ಹುಡುಗ ಮೆಲ್ಲಗೆ ಹೇಳಿದ. ಅವಳಿಗೆ ಕೇಳಿಸಿತು. ಎರಡು ಬೆರಳು ಹೆಚ್ಚೇ ಕಟ್ಟಿಕೊಟ್ಟು, ಮದುವೆ ಯಾವಾಗ ಎಂದು ಕೇಳಿದಳು.

ಅಮ್ಮನ ಪಟ್ಟಿಯ ಸಣ್ಣ ಸಾಲುಗಳು ಒಂದೇ ಮಧ್ಯಾಹ್ನದಲ್ಲಿ ಮುಗಿದವು. ಬಾಸಿಂಗ, ಕಾಲುಂಗುರ, ಹಸಿರು ಬಳೆ, ಅಂತರಪಟದ ಬಟ್ಟೆ, ಮೊರ, ಬಾಗಿನ. ಗ್ರಂದಿಗೆ ಅಂಗಡಿಯವನಿಗೆ ಹಾಳೆಯನ್ನೇ ಕೊಟ್ಟರೆ ಸಾಕು. ಅವನು ಅರಿಶಿನ ಹಚ್ಚಿದ ಮೂಲೆ ನೋಡಿ, ಕಣ್ಣಿಗೆ ಒತ್ತಿಕೊಂಡು, ಸಾಮಾನು ಕಟ್ಟತೊಡಗುತ್ತಾನೆ. ಎಕ್ಸೆಲ್ ಹಾಳೆಗೆ ಈ ಗೌರವ ಸಿಗುವುದಿಲ್ಲ.

ಅವಳ ನಲವತ್ತೇಳು ಸಾಲುಗಳಲ್ಲಿ ಕೊನೆಯದು ಮದುವೆಯ ನಂತರದ ಕೆಲಸ: ನೋಂದಣಿ. 2006ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಲಿ ಎಂದು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಆದರೂ ವೀಸಾಕ್ಕೋ ಗೃಹಸಾಲಕ್ಕೋ ಪ್ರಮಾಣಪತ್ರ ಕೇಳುವವರೆಗೆ ಉಪನೋಂದಣಾಧಿಕಾರಿಯ ಕಚೇರಿ ಎಲ್ಲಿದೆ ಎಂದು ತಿಳಿಯದ ದಂಪತಿಗಳೇ ಹೆಚ್ಚು. ಬರೀ ಕಾಗದದಿಂದಲೂ ಮದುವೆಯಾಗದು. ಹಿಂದೂ ವಿವಾಹ ಕಾಯ್ದೆಯಡಿ ಸಪ್ತಪದಿಯಂಥ ವಿಧಿ ನಡೆಯದೆ ಪ್ರಮಾಣಪತ್ರ ಮಾತ್ರ ಪಡೆದರೆ ಅದು ಮದುವೆಯಲ್ಲ ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 2024ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಅಂದರೆ ಎರಡೂ ಪಟ್ಟಿಗಳು ಬೇಕು, ಅಮ್ಮನದೂ ಎಕ್ಸೆಲ್‌ನದೂ. ರಾಜ್ಯದಲ್ಲಿ ಕಾವೇರಿ 2.0 ತಂತ್ರಾಂಶದ ಮೂಲಕ ಮನೆಯಿಂದಲೇ ಅರ್ಜಿ ಹಾಕುವ ಅನುಕೂಲ 2024ರಿಂದ ಇದೆ. ವಯಸ್ಸು, ವಿಳಾಸದ ದಾಖಲೆ, ಮದುವೆಯ ಫೋಟೊ, ಮೂವರು ಸಾಕ್ಷಿಗಳು, ಜೊತೆಗೆ ಒಂದು ಲಗ್ನಪತ್ರಿಕೆ.

ಈ ಕೊನೆಯದರಲ್ಲೇ ಬಹಳ ಮಂದಿ ಎಡವುವುದು. ನೆಂಟರಿಗೆಲ್ಲ ಹಂಚಿ ಮುಗಿದ ಮೇಲೆ ಮನೆಯಲ್ಲಿ ಒಂದೂ ಕಾರ್ಡು ಉಳಿದಿರುವುದಿಲ್ಲ. ಸುಲ್ತಾನ್‌ಪೇಟೆಯಿಂದ ಬಂದ ಕಟ್ಟನ್ನು ಬಿಚ್ಚಿದ ದಿನ ಮೊದಲ ಕಾರ್ಡು ಅರಿಶಿನ ಹಚ್ಚಿಸಿಕೊಂಡು ಹುಡುಗನ ಮನೆದೇವರಿಗೆ ಹೋಯಿತು, ಎರಡನೆಯದು ಹುಡುಗಿಯ ಮನೆದೇವರಿಗೆ. ಮೂರನೆಯದನ್ನು ಅವಳು ಆಧಾರ್ ಪ್ರತಿಗಳ ಜೊತೆ ಫೈಲಿಗೆ ಹಾಕಿ, ಮೇಲೆ ‘ಯಾರಿಗೂ ಕೊಡಬಾರದು’ ಎಂದು ಬರೆದಿಟ್ಟಿದ್ದಾಳೆ.